ಕವಿತೆಯ ಕೆಳಗಿನ ತಾರೀಖು: ಕ್ರಿಸ್ಟಿನಾ ರೊಸೆಟ್ಟಿ ಕುರಿತು ಓದುಗರ ಪ್ರಶ್ನೆಗಳು

ಹತ್ತೊಂಬತ್ತನೆಯ ಶತಮಾನದ ಇಂಗ್ಲಿಷ್ ಕವಯಿತ್ರಿ ಕ್ರಿಸ್ಟಿನಾ ರೊಸೆಟ್ಟಿಯವರ ಬಗ್ಗೆ ಬಂದ ಪತ್ರಗಳಿಗೆ ಈ ಸಲ ಒಟ್ಟಿಗೇ ಉತ್ತರಿಸುತ್ತಿದ್ದೇನೆ. ಒಂದೇ ತಾತ್ಪರ್ಯದ ಪ್ರಶ್ನೆಗಳನ್ನು ಕೂಡಿಸಿದ್ದೇನೆ, ಉದ್ದನೆಯವನ್ನು ಮೊಟಕು ಮಾಡಿದ್ದೇನೆ.

ಪ್ರಶ್ನೆ: ಹೆಸರು ನೋಡಿದರೆ ಇಟಲಿಯದು, ಬರೆದದ್ದು ಇಂಗ್ಲಿಷಿನಲ್ಲಿ. ಇವರು ಎಲ್ಲಿಯವರು? ಚಿತ್ರಕಾರ ದಾಂತೆ ಗೇಬ್ರಿಯಲ್ ರೊಸೆಟ್ಟಿಗೆ ಏನಾಗಬೇಕು?

ಉತ್ತರ: ತಂಗಿ. ನಾಲ್ವರು ಮಕ್ಕಳಲ್ಲಿ ಕೊನೆಯವರು. 1827ರಲ್ಲಿ ಮರಿಯಾ, 1828ರಲ್ಲಿ ದಾಂತೆ ಗೇಬ್ರಿಯಲ್, 1829ರಲ್ಲಿ ವಿಲಿಯಂ ಮೈಕೆಲ್, 1830ರ ಡಿಸೆಂಬರ್ 5ರಂದು ಕ್ರಿಸ್ಟಿನಾ, ಹೀಗೆ ವರ್ಷಕ್ಕೊಂದರಂತೆ ಹುಟ್ಟಿದ ಮಕ್ಕಳು. (ಅಮೆರಿಕದ ಎಮಿಲಿ ಡಿಕಿನ್ಸನ್ ಹುಟ್ಟಿದ್ದೂ ಅದೇ ಡಿಸೆಂಬರಿನಲ್ಲಿ, ಐದು ದಿನ ತಡವಾಗಿ.) ತಂದೆ ಗೇಬ್ರಿಯೆಲೆ ರೊಸೆಟ್ಟಿ ನೇಪಲ್ಸ್ ರಾಜ್ಯದ ವಾಸ್ತೋ ಎಂಬ ಊರಿನ ಕವಿ. ಸಂವಿಧಾನ ಬೇಕೆಂದು ಪದ್ಯ ಬರೆದು ದೊರೆಯ ಕೋಪಕ್ಕೆ ಗುರಿಯಾಗಿ, ಮಾಲ್ಟಾದ ದಾರಿ ಹಿಡಿದು ಲಂಡನ್ ಸೇರಿದವರು. 1831ರಲ್ಲಿ ಅವರು ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ ಇಟಾಲಿಯನ್ ಪ್ರಾಧ್ಯಾಪಕರಾದರು. ತಾಯಿ ಫ್ರಾನ್ಸೆಸ್ ಪೊಲಿಡೋರಿ ಮದುವೆಗೆ ಮುಂಚೆ ಸಿರಿವಂತರ ಮನೆಗಳಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿದ್ದರು. ಆಕೆಯ ಅಣ್ಣತಮ್ಮಂದಿರಲ್ಲಿ ಒಬ್ಬರಾದ ಜಾನ್ ಪೊಲಿಡೋರಿ ಬೈರನ್ ಕವಿಯ ವೈದ್ಯರಾಗಿದ್ದವರು, ‘ದಿ ವ್ಯಾಂಪೈರ್’ ಎಂಬ ಕಥೆಯನ್ನು ಬರೆದವರು. ಇಂಥ ಮನೆಯಲ್ಲಿ ಮಕ್ಕಳು ಅಪ್ಪನೊಡನೆ ಇಟಾಲಿಯನ್, ಅಮ್ಮನೊಡನೆ ಇಂಗ್ಲಿಷ್ ಆಡಿಕೊಂಡು, ಪ್ರಾಸ ಕಟ್ಟುವುದನ್ನೇ ಆಟ ಮಾಡಿಕೊಂಡು ಬೆಳೆದರು. ತಾಯಿಯ ತಂದೆ ಗೇಟಾನೋ ಪೊಲಿಡೋರಿಯವರು ಮನೆಯಲ್ಲೇ ಒಂದು ಪುಟ್ಟ ಮುದ್ರಣಯಂತ್ರ ಇಟ್ಟುಕೊಂಡಿದ್ದರು. ಕ್ರಿಸ್ಟಿನಾರ ಮೊದಲ ಕವನಗಳ ಹೊತ್ತಗೆ 1847ರಲ್ಲಿ ಅಲ್ಲಿಯೇ ಅಚ್ಚಾಯಿತು. ಆಗ ಅವರಿಗೆ ಹದಿನಾರು ವರ್ಷ.

ಆ ಹೊತ್ತಿಗಾಗಲೇ ಮನೆಯ ಸ್ಥಿತಿ ಹದಗೆಟ್ಟಿತ್ತು. 1843ರ ನಂತರ ತಂದೆಯ ಕಣ್ಣೂ ಆರೋಗ್ಯವೂ ಕೈಕೊಟ್ಟವು. ತಾಯಿಯೂ ಮರಿಯಾ ಅವರೂ ಪಾಠ ಹೇಳಲು ಹೊರಟರು. ವಿಲಿಯಂ ಹದಿನೈದನೆಯ ವಯಸ್ಸಿಗೇ ಅಬಕಾರಿ ಕಚೇರಿಯ ಗುಮಾಸ್ತರಾದರು. ಮುಂದೆ ಬಹುಕಾಲ ಈ ಸಂಸಾರ ನಡೆದದ್ದು ಆ ಗುಮಾಸ್ತರ ಸಂಬಳದಿಂದಲೇ ಎಂಬುದನ್ನು ಕವಿ-ಚಿತ್ರಕಾರರ ಕಥೆ ಹೇಳುವವರು ಮರೆಯುವುದುಂಟು.

ಪ್ರಶ್ನೆ: ಪ್ರೇಮಭಂಗದ ನೋವಿನಿಂದ ಇವರು ಬದುಕಿಡೀ ಸಾವು, ಅಗಲಿಕೆಗಳ ಬಗ್ಗೆಯೇ ಬರೆದರು ಎಂದು ಒಂದು ಪರಿಚಯ ಲೇಖನದಲ್ಲಿ ಓದಿದೆ. ಎರಡು ಸಲ ಮದುವೆ ನಿರಾಕರಿಸಿದ್ದು ನಿಜವೇ? ಯಾಕೆ?

ಉತ್ತರ: ನಿರಾಕರಿಸಿದ್ದು ನಿಜ. ಅದರಿಂದಲೇ ಕವಿತೆಗಳು ಹುಟ್ಟಿದವು ಎಂಬುದನ್ನು ಒಪ್ಪಲು ನನ್ನಿಂದಾಗದು. ಮೊದಲು ಘಟನೆಗಳನ್ನು ಹೇಳಿಬಿಡುತ್ತೇನೆ.

1848ರಲ್ಲಿ ಅಣ್ಣ ಗೇಬ್ರಿಯಲ್ ಮತ್ತು ಗೆಳೆಯರು ಸೇರಿ ಪ್ರೀ-ರಾಫೆಲೈಟ್ ಎಂಬ ಕಲಾವಿದರ ಬಳಗವನ್ನು ಕಟ್ಟಿದರು. ಅದರ ಸದಸ್ಯರಲ್ಲಿ ಜೇಮ್ಸ್ ಕಾಲಿನ್ಸನ್ ಎಂಬ ಚಿತ್ರಕಾರರೂ ಒಬ್ಬರು. ಅವರು ಕ್ರಿಸ್ಟಿನಾರನ್ನು ಮದುವೆಯಾಗಲು ಕೇಳಿದಾಗ ರೋಮನ್ ಕ್ಯಾಥೊಲಿಕ್ ಪಂಥಕ್ಕೆ ಸೇರಿದ್ದರು. ಚರ್ಚ್ ಆಫ್ ಇಂಗ್ಲೆಂಡಿನಲ್ಲಿ, ಎಂದರೆ ಆಂಗ್ಲಿಕನ್ ಪಂಥದಲ್ಲಿ, ಗಾಢ ನಿಷ್ಠೆಯಿದ್ದ ಕ್ರಿಸ್ಟಿನಾ ಒಲ್ಲೆನೆಂದರು. ಕಾಲಿನ್ಸನ್ ಆಂಗ್ಲಿಕನ್ ಪಂಥಕ್ಕೆ ಮರಳಿದ ಮೇಲೆ ಒಪ್ಪಿದರು. 1850ರಲ್ಲಿ ಆತ ಮತ್ತೆ ಕ್ಯಾಥೊಲಿಕ್ಕರಾದಾಗ ನಿಶ್ಚಿತಾರ್ಥ ಮುರಿಯಿತು. ಎರಡನೆಯವರು ಚಾರ್ಲ್ಸ್ ಕೇಲಿ. ಕ್ರಿಸ್ಟಿನಾರ ತಂದೆಯ ಹಳೆಯ ಶಿಷ್ಯ, ಇಟಲಿಯ ಹಳೆಯ ಕವಿ ದಾಂತೆಯ ಮಹಾಕಾವ್ಯವನ್ನು ಮೂಲದ ಪ್ರಾಸವಿನ್ಯಾಸ ಕೆಡದಂತೆ ಇಂಗ್ಲಿಷಿಗೆ ತಂದ ವಿದ್ವಾಂಸ, ಮರೆಗುಳಿ, ಸಾಧು. 1866ರಲ್ಲಿ ಅವರು ಕೇಳಿದಾಗಲೂ ಧರ್ಮಶ್ರದ್ಧೆಯ ವಿಷಯದಲ್ಲಿ ಹೊಂದಾಣಿಕೆಯಾಗದೆ ಕ್ರಿಸ್ಟಿನಾ ಬೇಡವೆಂದರು. ಆದರೆ ಸ್ನೇಹ ಮುರಿಯಲಿಲ್ಲ. 1883ರ ಡಿಸೆಂಬರಿನಲ್ಲಿ ಕೇಲಿ ತೀರಿಕೊಳ್ಳುವವರೆಗೂ ಹೋಗಿಬರುವುದು, ಪತ್ರ ಬರೆಯುವುದು ನಡೆದೇ ಇತ್ತು.

ಈಗ ಕವಿತೆಗಳಿಗೆ ಬರೋಣ. ಕ್ರಿಸ್ಟಿನಾರಿಗೆ ಒಂದು ಒಳ್ಳೆಯ ಅಭ್ಯಾಸವಿತ್ತು. ಕವಿತೆಯನ್ನು ನೋಟುಪುಸ್ತಕಕ್ಕೆ ಎತ್ತಿ ಬರೆದು ಅದರ ಜೊತೆಗೆ ತಾರೀಖನ್ನೂ ನಮೂದಿಸುತ್ತಿದ್ದರು. ಮೊದಲ ಕೆಲವು ಪುಸ್ತಕಗಳನ್ನು ಅಕ್ಕ ಮರಿಯಾ ತಮ್ಮ ಅಚ್ಚುಕಟ್ಟಾದ ಕೈಬರಹದಲ್ಲಿ ಬರೆದುಕೊಟ್ಟಿದ್ದಾರೆ. ಕವಯಿತ್ರಿ ತೀರಿಕೊಂಡ ಮೇಲೆ ವಿಲಿಯಂ ಸಂಪಾದಿಸಿದ ಸಮಗ್ರ ಸಂಪುಟ 1904ರಲ್ಲಿ ಬಂದಾಗ ಈ ತಾರೀಖುಗಳೂ ಬೆಳಕಿಗೆ ಬಂದವು. ಅವನ್ನು ಮುಂದಿಟ್ಟುಕೊಂಡು ಓದಿದರೆ ಪ್ರೇಮಭಂಗದ ಕಥೆಯ ಬುಡವೇ ಅಲುಗುತ್ತದೆ. ನಾನು ಸತ್ತಾಗ ನನಗಾಗಿ ಶೋಕಗೀತೆ ಹಾಡಬೇಡ ಎಂಬ ಪ್ರಸಿದ್ಧ ‘ಸಾಂಗ್’ ಕವಿತೆಯ ತಾರೀಖು 1848ರ ಡಿಸೆಂಬರ್ 12. ಹದಿನೆಂಟು ತುಂಬಿ ಒಂದು ವಾರ, ಕಾಲಿನ್ಸನ್ ಅವರಿಗೆ ಒಪ್ಪಿಗೆ ಕೊಟ್ಟ ಹೊಸತು. ‘ರಿಮೆಂಬರ್’ ಬರೆದದ್ದು 1849ರ ಜುಲೈ 25ರಂದು, ಆಗಲೂ ನಿಶ್ಚಿತಾರ್ಥ ಊರ್ಜಿತವಾಗಿಯೇ ಇತ್ತು. ಅಂದರೆ ಅಗಲಿಕೆಯ ಅತ್ಯುತ್ತಮ ಕವಿತೆಗಳು ಅಗಲಿಕೆಗೆ ಮುಂಚೆಯೇ ಬಂದಿವೆ. ಇನ್ನು ಅವರ ಅತ್ಯಂತ ಸಂಭ್ರಮದ ಕವಿತೆ ‘ಎ ಬರ್ತ್‌ಡೇ’. ನನ್ನ ಹೃದಯ ಹಾಡುವ ಹಕ್ಕಿಯಂತಿದೆ ಎಂದು ಶುರುವಾಗಿ ನನ್ನ ಒಲವು ಬಂದಿದೆ ಎಂದು ಮುಗಿಯುವ ಈ ಪದ್ಯದ ತಾರೀಖು 1857ರ ನವೆಂಬರ್ 18. ಕಾಲಿನ್ಸನ್ ದೂರವಾಗಿ ಏಳು ವರ್ಷವಾಗಿತ್ತು, ಕೇಲಿ ಮದುವೆಯ ಮಾತೆತ್ತಲು ಇನ್ನೂ ಒಂಬತ್ತು ವರ್ಷವಿತ್ತು. ಬಂದ ಒಲವು ಯಾರದೆಂದು ಮನೆಯವರಿಗೂ ಹೇಳಲಾಗಲಿಲ್ಲ.

ಜೀವನಚರಿತ್ರೆಕಾರರಿಗೆ ಇದು ನುಂಗಲಾಗದ ತುತ್ತು. 1963ರಲ್ಲಿ ಲೋನಾ ಮಾಸ್ಕ್ ಪ್ಯಾಕರ್ ಎಂಬ ವಿದ್ವಾಂಸರು, ವಿವಾಹಿತರಾಗಿದ್ದ ಕವಿ-ಚಿತ್ರಕಾರ ವಿಲಿಯಂ ಬೆಲ್ ಸ್ಕಾಟ್ ಅವರೇ ಆ ಗುಪ್ತ ಪ್ರೇಮಿ ಎಂದು ಇಡೀ ಪುಸ್ತಕವನ್ನೇ ಬರೆದರು. ಪುರಾವೆ ಸಾಲದೆ ಆ ವಾದ ಬಿದ್ದುಹೋಯಿತು. ‘ನೋ, ಥ್ಯಾಂಕ್ ಯೂ, ಜಾನ್’ ಎಂಬ ತುಂಟ ಕವಿತೆಯ ಜಾನ್ ಯಾರೆಂದು ಹುಡುಕಹೊರಟ ವಿಲಿಯಂ ಅವರೇ ಜಾನ್ ಬ್ರೆಟ್ ಎಂಬ ಚಿತ್ರಕಾರರತ್ತ ಬೊಟ್ಟು ಮಾಡಿದ್ದಾರೆ. ಕವಯಿತ್ರಿಯಾದರೋ ಗೇಬ್ರಿಯಲ್‌ಗೆ ಬರೆದ ಕಾಗದದಲ್ಲಿ ಅಂಥ ಮನುಷ್ಯ ಇಲ್ಲ, ಇರಲೂ ಇಲ್ಲ ಎಂದುಬಿಟ್ಟಿದ್ದರು. ‘ಎ ಬರ್ತ್‌ಡೇ’ ಬರೆದ ಆ ನವೆಂಬರಿನಲ್ಲೇ ಅವರು ‘ವಿಂಟರ್: ಮೈ ಸೀಕ್ರೆಟ್’ ಎಂಬ ಇನ್ನೊಂದನ್ನು ಬರೆದರು. ಗುಟ್ಟು ಹೇಳಲೇ, ಉಹೂಂ, ಇವತ್ತಲ್ಲ. ಅಸಲಿಗೆ ಗುಟ್ಟೇ ಇಲ್ಲದಿರಬಹುದು, ಬರೀ ತಮಾಷೆಯೂ ಇರಬಹುದು ಎಂದು ಕೇಳುಗರನ್ನು ಸತಾಯಿಸುವ ಪದ್ಯವದು. ಹಸ್ತಪ್ರತಿಯಲ್ಲಿ ಅದಕ್ಕಿದ್ದ ತಲೆಬರಹ ‘ನಾನ್‌ಸೆನ್ಸ್’. ಪ್ರೇಮಿಯನ್ನು ಪತ್ತೆಹಚ್ಚಲು ಹೊರಟವರು ಈ ಎರಡು ಕವಿತೆಗಳನ್ನೂ ಅಕ್ಕಪಕ್ಕ ಇಟ್ಟು ಓದುವುದು ಒಳ್ಳೆಯದು.

ಪ್ರಶ್ನೆ: ‘ಗಾಬ್ಲಿನ್ ಮಾರ್ಕೆಟ್’ ಮಕ್ಕಳ ಪದ್ಯವೋ, ದೊಡ್ಡವರದೋ? ಕೆಲವರು ಅದನ್ನು ಧಾರ್ಮಿಕ ರೂಪಕ ಎನ್ನುತ್ತಾರೆ, ಕೆಲವರು ಕಾಮದ ಕಥೆ ಎನ್ನುತ್ತಾರೆ.

ಉತ್ತರ: ಕಥೆ ಗೊತ್ತಿಲ್ಲದವರಿಗಾಗಿ ಮೊದಲು ಕಥೆ. ಲಾರಾ, ಲಿಜ್ಜಿ ಎಂಬ ಇಬ್ಬರು ಅಕ್ಕತಂಗಿಯರು. ಬೆಳಗ್ಗೆ ಸಂಜೆ ಹಳ್ಳದ ಬದಿಯಲ್ಲಿ ಗಾಬ್ಲಿನ್ನುಗಳು, ಎಂದರೆ ಕುಳ್ಳ ಪಿಶಾಚಿ ವ್ಯಾಪಾರಿಗಳು, ಬನ್ನಿ ಕೊಳ್ಳಿ, ಬನ್ನಿ ಕೊಳ್ಳಿ ಎಂದು ಹಣ್ಣು ಮಾರುತ್ತವೆ. ಲಾರಾಳ ಬಳಿ ಕಾಸಿಲ್ಲ. ನಿನ್ನ ತಲೆಯಲ್ಲೇ ಚಿನ್ನವಿದೆಯಲ್ಲ ಎನ್ನುತ್ತವೆ ಅವು. ಅವಳು ಹೊಂಗೂದಲಿನ ಒಂದು ಸುರುಳಿ ಕತ್ತರಿಸಿ ಕೊಟ್ಟು ಹಣ್ಣುಗಳ ರಸ ಹೀರುತ್ತಾಳೆ. ಮರುದಿನದಿಂದ ಆ ಕೂಗು ಅವಳ ಕಿವಿಗೆ ಬೀಳುವುದೇ ಇಲ್ಲ, ತಂಗಿಗೆ ಮಾತ್ರ ಕೇಳಿಸುತ್ತದೆ. ಮತ್ತೊಮ್ಮೆ ತಿನ್ನಬೇಕೆಂಬ ಹಂಬಲದಲ್ಲಿ ಲಾರಾ ಕೊರಗಿ ಬಡವಾಗುತ್ತಾಳೆ. ಜೀನೀ ಎಂಬ ಹುಡುಗಿ ಹೀಗೆಯೇ ಸತ್ತದ್ದು ಲಿಜ್ಜಿಗೆ ನೆನಪಿದೆ. ಅವಳು ಬೆಳ್ಳಿಯ ಒಂದು ಪೆನ್ನಿ ನಾಣ್ಯವನ್ನು ಚೀಲದಲ್ಲಿಟ್ಟುಕೊಂಡು ತಾನೇ ಹೊರಡುತ್ತಾಳೆ. ಹಣ್ಣನ್ನು ಮನೆಗೆ ಕೊಂಡೊಯ್ಯುತ್ತೇನೆ ಎಂದರೆ ವ್ಯಾಪಾರಿಗಳು ಒಪ್ಪುವುದಿಲ್ಲ. ಇಲ್ಲೇ ಕೂತು ತಿನ್ನು ಎಂದು ಗದರಿಸಿ, ಎಳೆದಾಡಿ, ಹಣ್ಣನ್ನು ಅವಳ ಬಾಯಿಗೆ ಹಿಸುಕುತ್ತವೆ. ಲಿಜ್ಜಿ ತುಟಿ ಬಿಚ್ಚುವುದಿಲ್ಲ. ಕೊನೆಗೆ ಸೋತು ನಾಣ್ಯವನ್ನು ಅವಳತ್ತಲೇ ಎಸೆದು ಓಡುತ್ತವೆ. ಮುಖದ ತುಂಬ ರಸ ಸುರಿಯುತ್ತಿರುವ ಲಿಜ್ಜಿ, ಚೀಲದಲ್ಲಿ ಕುಣಿಯುವ ನಾಣ್ಯದ ಸದ್ದು ಕೇಳುತ್ತ ಮನೆಗೆ ಓಡುತ್ತಾಳೆ. ಆ ರಸ ಲಾರಾಳ ನಾಲಿಗೆಗೆ ಈಗ ಕಹಿ, ಅದೇ ಮದ್ದು.

ಆ ನಾಣ್ಯದ ಮೇಲೆ ಕಣ್ಣಿಡಬೇಕೆಂದು ನನ್ನ ಸಲಹೆ. ಒಟ್ಟು 567 ಸಾಲುಗಳ ಈ ಕವಿತೆಯಲ್ಲಿ ವ್ಯಾಪಾರ ಎರಡೇ ಸಲ ನಡೆಯುವುದು. ಒಮ್ಮೆ ಹಣವಿಲ್ಲದವಳಿಂದ ಕೂದಲು ಪಡೆದು ಮಾರುತ್ತಾರೆ. ಇನ್ನೊಮ್ಮೆ ನಗದು ತಂದವಳಿಗೆ ಮಾರಲು ಒಲ್ಲೆನ್ನುತ್ತಾರೆ. ಈ ಸಂತೆಗೆ ಬೇಕಾದದ್ದು ದುಡ್ಡಲ್ಲ, ಕೊಳ್ಳುವವಳ ಮೈ. ಹಸ್ತಪ್ರತಿಯ ತಾರೀಖು 1859ರ ಏಪ್ರಿಲ್ 27. ಹೆಚ್ಚುಕಡಿಮೆ ಅದೇ ಸಮಯಕ್ಕೆ ಕ್ರಿಸ್ಟಿನಾ ಲಂಡನ್ನಿನ ಹೈಗೇಟಿನಲ್ಲಿ ಆಂಗ್ಲಿಕನ್ ಸೋದರಿಯರು ನಡೆಸುತ್ತಿದ್ದ ಆಶ್ರಮವೊಂದರಲ್ಲಿ ಸೇವೆಗೆ ನಿಂತರು. ಸಮಾಜವು ‘ಕೆಟ್ಟವರು’ ಎಂದು ಹೊರದಬ್ಬಿದ ಹೆಣ್ಣುಮಕ್ಕಳಿಗೆ ಹೊಸ ಬದುಕು ಕಲಿಸುವ ಜಾಗವದು. ಸುಮಾರು ಹತ್ತು ವರ್ಷ ಅವರು ಅಲ್ಲಿಗೆ ಹೋಗಿಬಂದರು. ಆಗಿನ ಕಾದಂಬರಿಗಳಲ್ಲಿ ಜಾರಿದ ಹೆಣ್ಣು ಸಾಯಲೇಬೇಕಿತ್ತು. ಇಲ್ಲಿ ಲಾರಾ ಸಾಯುವುದಿಲ್ಲ, ಬೆಳಗ್ಗೆ ಎದ್ದು ನಗುತ್ತಾಳೆ. ಮುಂದೆ ಮದುವೆಯಾಗಿ, ಮಕ್ಕಳನ್ನು ಕೂಡಿಸಿಕೊಂಡು ತನ್ನ ಕಥೆಯನ್ನು ತಾನೇ ಹೇಳುತ್ತಾಳೆ. ಇದಕ್ಕಿಂತ ಆಳದ ಅರ್ಥವನ್ನು ತಾವು ಉದ್ದೇಶಿಸಿರಲಿಲ್ಲ, ಇದು ಬರೀ ಕಟ್ಟುಕಥೆ ಎಂದು ಕ್ರಿಸ್ಟಿನಾ ಹೇಳುತ್ತಿದ್ದುದಾಗಿ ವಿಲಿಯಂ ದಾಖಲಿಸಿದ್ದಾರೆ. ಗುಟ್ಟೇ ಇಲ್ಲ ಎಂದು ಗುಟ್ಟು ಕಾಯುವ ಕಲೆ ಆಕೆಗೆ ಕರಗತವಾಗಿತ್ತು. ಹಾಗಾಗಿ ರೂಪಕವೋ ಕಾಮವೋ ಎಂಬ ಜಗಳದಲ್ಲಿ ಯಾವ ಪಕ್ಷವನ್ನೂ ನಾನು ವಹಿಸುವುದಿಲ್ಲ. ಮಕ್ಕಳಿಗೆ ಓದಿ ಹೇಳಬಹುದೇ ಎಂದರೆ ಧಾರಾಳವಾಗಿ ಓದಿ ಹೇಳಬಹುದು.

ಓದಿ ಹೇಳುವಾಗ ತಿಳಿಯುವ ಸಂಗತಿ ಇನ್ನೊಂದಿದೆ. ಹಣ್ಣುಗಳ ಪಟ್ಟಿಯೊಂದಿಗೆ ಕವಿತೆ ತೆರೆಯುತ್ತದೆ. ಸೇಬು, ನಿಂಬೆ, ಕಿತ್ತಳೆ, ಚೆರಿ, ಪೀಚ್, ಅನಾನಸ್, ದಾಳಿಂಬೆ, ಖರ್ಜೂರ, ಅಂಜೂರ. ಇವೆಲ್ಲ ಒಂದೇ ಕಾಲಕ್ಕೆ ಮಾಗುವ ಹಣ್ಣುಗಳಲ್ಲ, ಒಂದೇ ನೆಲದಲ್ಲಿ ಬೆಳೆಯುವವೂ ಅಲ್ಲ. ಕವಿತೆಯಲ್ಲಿ ಮಾತ್ರ ಎಲ್ಲ ಒಟ್ಟಿಗೇ ಮಾಗಿವೆ. ಸಾಲುಗಳು ಒಮ್ಮೆ ಎರಡು ಒತ್ತಿಗೆ ನಿಲ್ಲುತ್ತವೆ, ಒಮ್ಮೆ ನಾಲ್ಕಕ್ಕೆ ಓಡುತ್ತವೆ. ಪ್ರಾಸ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಸಂತೆಯಲ್ಲಿ ಕೂಗುವವನ ಉಸಿರು ಹೇಗೋ ಹಾಗೆ. ಇದನ್ನೇ ಆ ಕಾಲದ ಘನ ವಿಮರ್ಶಕ ಜಾನ್ ರಸ್ಕಿನ್ ಸಹಿಸಲಿಲ್ಲ. ಗೇಬ್ರಿಯಲ್ ಹಸ್ತಪ್ರತಿ ತೋರಿಸಿದಾಗ, ಯಾವ ಪ್ರಕಾಶಕನೂ ಇದನ್ನು ಮುಟ್ಟಲಾರ, ನಿಮ್ಮ ತಂಗಿ ಮೊದಲು ತೀರಾ ಸಾಮಾನ್ಯವಾದ ಛಂದಸ್ಸಿನಲ್ಲಿ ಕಟ್ಟುನಿಟ್ಟಾಗಿ ಅಭ್ಯಾಸ ಮಾಡಲಿ ಎಂಬರ್ಥದ ಉತ್ತರ ಬರೆದರು. ಪ್ರಕಾಶಕ ಅಲೆಕ್ಸಾಂಡರ್ ಮ್ಯಾಕ್‌ಮಿಲನ್ ಬೇರೆಯ ಪರೀಕ್ಷೆ ಮಾಡಿದರು. ಕೇಂಬ್ರಿಜ್‌ನಲ್ಲಿ ದುಡಿಮೆಗಾರರ ಸಂಘವೊಂದರ ಸಭೆಯಲ್ಲಿ ಕವಿತೆಯನ್ನು ಗಟ್ಟಿಯಾಗಿ ಓದಿದರು. ಈತ ನಮ್ಮನ್ನು ಗೇಲಿ ಮಾಡುತ್ತಿದ್ದಾನೋ ಏನೋ ಎಂಬಂತೆ ಮೊದಮೊದಲು ನೋಡುತ್ತಿದ್ದವರು ಬರಬರುತ್ತ ಉಸಿರು ಬಿಗಿಹಿಡಿದು ಕೂತರು, ಮುಗಿದಾಗ ಚಪ್ಪಾಳೆ ಮೊಳಗಿತು. 1862ರಲ್ಲಿ ಗೇಬ್ರಿಯಲ್ ಬರೆದ ಎರಡು ಚಿತ್ರಗಳೊಂದಿಗೆ ಪುಸ್ತಕ ಹೊರಬಂತು. ‘ಎ ಪೀಪ್ ಅಟ್ ದಿ ಗಾಬ್ಲಿನ್ಸ್’ ಎಂದಿದ್ದ ಹೆಸರನ್ನು ಬದಲಿಸಿಕೊಟ್ಟದ್ದೂ ಗೇಬ್ರಿಯಲ್ ಅವರೇ.

ಗಾಬ್ಲಿನ್ನುಗಳಲ್ಲಿ ಒಂದು ವಾಂಬ್ಯಾಟ್‌ನಂತೆ ಮಂಕಾಗಿ, ಜೂಲುಜೂಲಾಗಿ ಸುಳಿದಾಡುತ್ತದೆ. ರೊಸೆಟ್ಟಿ ಒಡಹುಟ್ಟಿದವರಿಗೆ ಲಂಡನ್ನಿನ ಪ್ರಾಣಿಸಂಗ್ರಹಾಲಯದ ಈ ಆಸ್ಟ್ರೇಲಿಯದ ಪ್ರಾಣಿ ಎಂದರೆ ವಿಪರೀತ ಮುದ್ದು. 1869ರಲ್ಲಿ ಗೇಬ್ರಿಯಲ್ ಒಂದನ್ನು ಮನೆಗೇ ತಂದು ಸಾಕಿದರು, ತಂಗಿ ಅದರ ಮೇಲೆ ಇಟಾಲಿಯನ್ ಭಾಷೆಯಲ್ಲಿ ಪದ್ಯ ಕಟ್ಟಿದರು. ಶೋಕಮೂರ್ತಿ ಎಂದು ಇವರನ್ನು ಬಿಂಬಿಸುವವರಿಗೆ ಈ ಪದ್ಯವನ್ನೂ ತೋರಿಸಬೇಕು.

ಪ್ರಶ್ನೆ: ಅಣ್ಣನ ಚಿತ್ರಗಳಿಗೆ ಇವರು ರೂಪದರ್ಶಿಯಾಗಿದ್ದರಂತೆ. ಆ ಬಗ್ಗೆ ಏನಾದರೂ ಬರೆದಿದ್ದಾರೆಯೇ?

ಉತ್ತರ: ಆಗಿದ್ದರು. ಗೇಬ್ರಿಯಲ್ ಬರೆದ ‘ದಿ ಗರ್ಲ್‌ಹುಡ್ ಆಫ್ ಮೇರಿ ವರ್ಜಿನ್’ ಚಿತ್ರದಲ್ಲಿ ಕ್ರಿಸ್ಟಿನಾ ಬಾಲೆ ಮೇರಿ, ಅವರ ತಾಯಿಯೇ ಸಂತ ಆನ್. ‘ಎಕ್ಕೆ ಆನ್ಸಿಲ್ಲಾ ಡೊಮಿನಿ’ಯಲ್ಲಿ ದೇವದೂತನ ಮುಂದೆ ಬಿಳಿಯುಡುಗೆಯಲ್ಲಿ ಹಾಸಿಗೆಯ ಮೇಲೆ ಮುದುಡಿ ಕುಳಿತ ಮೇರಿಯ ಮುಖವೂ ಅವರದೇ. ಈ ಎರಡನೆಯ ಚಿತ್ರ ಈಗ ಲಂಡನ್ನಿನ ಟೇಟ್ ಸಂಗ್ರಹದಲ್ಲಿದೆ. ಆದರೆ ಈ ಅನುಭವದ ಬಗ್ಗೆ ಅವರು ನೇರವಾಗಿ ಏನೂ ಬರೆಯಲಿಲ್ಲ, ಇನ್ನೊಬ್ಬ ಹೆಣ್ಣಿನ ಬಗ್ಗೆ ಬರೆದರು. 1856ರ ಡಿಸೆಂಬರ್ 24ರ ತಾರೀಖಿರುವ ‘ಇನ್ ಆನ್ ಆರ್ಟಿಸ್ಟ್ಸ್ ಸ್ಟುಡಿಯೋ’ ಎಂಬ ಸುನೀತದಲ್ಲಿ (ಸಾನೆಟ್) ಒಬ್ಬ ಚಿತ್ರಕಾರನ ಎಲ್ಲ ಪಟಗಳಿಂದಲೂ ಒಂದೇ ಮುಖ ಹೊರಗೆ ನೋಡುತ್ತದೆ. ರಾಣಿಯಾಗಿ, ಹೆಸರಿಲ್ಲದ ಹುಡುಗಿಯಾಗಿ, ಸಂತಳಾಗಿ, ದೇವದೂತೆಯಾಗಿ ಕಾಣುವವಳು ಒಬ್ಬಳೇ. ಚಿತ್ರಕಾರ ಹಗಲಿರುಳೂ ಅವಳ ಮುಖವನ್ನು ಉಂಡು ಬದುಕುತ್ತಾನೆ ಎನ್ನುತ್ತಾರೆ. ಅವಳು ಇರುವ ಹಾಗಲ್ಲ, ಅವನ ಕನಸನ್ನು ತುಂಬುವ ಹಾಗೆ ಎಂಬಲ್ಲಿಗೆ ಕವಿತೆ ನಿಲ್ಲುತ್ತದೆ. ಇದು ಗೇಬ್ರಿಯಲ್ ಮತ್ತು ಅವರ ರೂಪದರ್ಶಿ, ಮುಂದೆ ಪತ್ನಿಯಾದ ಎಲಿಜಬೆತ್ ಸಿಡ್ಡಲ್ ಕುರಿತದ್ದೆಂದು ವಿಲಿಯಂ ಗುರುತಿಸಿದ್ದಾರೆ. ಇಲ್ಲಿ ಆ ಗುರುತನ್ನು ಒಪ್ಪಲು ನನಗೆ ಅಡ್ಡಿಯಿಲ್ಲ. ಗಂಟೆಗಟ್ಟಲೆ ಅಲುಗಾಡದೆ ಕೂತು ಗೊತ್ತಿರುವವರಿಗೆ ಮಾತ್ರ ಆ ‘ಉಂಡು ಬದುಕುತ್ತಾನೆ’ ಎಂಬ ಮಾತು ಹೊಳೆದೀತು. ಕವಯಿತ್ರಿ ಬದುಕಿರುವಾಗ ಇದನ್ನು ಅಚ್ಚಿಗೆ ಕೊಡಲಿಲ್ಲ. ಅದು ಪ್ರಕಟವಾದದ್ದು 1896ರಲ್ಲಿ.

ಪ್ರಶ್ನೆ: ಇವರನ್ನು ಸ್ತ್ರೀವಾದಿ ಎನ್ನಬಹುದೇ?

ಉತ್ತರ: ಇಂದಿನ ಅರ್ಥದಲ್ಲಿ ಎನ್ನಲಾಗದು. ಕವಯಿತ್ರಿ ಆಗಸ್ಟಾ ವೆಬ್‌ಸ್ಟರ್ ಮಹಿಳಾ ಮತದಾನದ ಚಳವಳಿಗೆ ಬೆಂಬಲ ಕೋರಿದಾಗ ಕ್ರಿಸ್ಟಿನಾ ಬೈಬಲ್ಲನ್ನು ಮುಂದಿಟ್ಟು ಹಿಂಜರಿದರು. ಅದೇ ಕಾಗದದಲ್ಲಿ, ಲಿಂಗಭೇದದ ಗೋಡೆಯನ್ನು ಕೊಚ್ಚಿಹಾಕುವ ಶಕ್ತಿ ಯಾವುದಕ್ಕಾದರೂ ಇದ್ದರೆ ಅದು ತಾಯಿಯ ಮಮತೆಗೇ ಎಂದೂ ಬರೆದರು. 1854ರಲ್ಲಿ ಕ್ರಿಮಿಯಾ ಯುದ್ಧದ ಗಾಯಾಳುಗಳ ಆರೈಕೆಗೆ ಫ್ಲಾರೆನ್ಸ್ ನೈಟಿಂಗೇಲರೊಡನೆ ಹೋಗಲು ಅರ್ಜಿ ಹಾಕಿ, ವಯಸ್ಸು ಸಾಲದೆಂದು ನಿರಾಕರಣೆ ಪಡೆದಿದ್ದರು. ಚಿಕ್ಕಮ್ಮ ಎಲೈಜಾ ಮಾತ್ರ ಹೋದರು. ಜೀವಂತ ಪ್ರಾಣಿಗಳನ್ನು ಪ್ರಯೋಗಕ್ಕಾಗಿ ಕೊಯ್ಯುವುದರ ವಿರುದ್ಧ ಸಹಿ ಸಂಗ್ರಹಿಸಿದರು.

ಆದರೆ ಕಾವ್ಯದ ಒಳಗೆ ಅವರು ಮಾಡಿದ ಕೆಲಸ ಬೇರೆ. 1881ರ ಸಂಕಲನದಲ್ಲಿ ‘ಮೊನ್ನಾ ಇನ್ನೊಮಿನಾಟಾ’ ಎಂಬ ಸುನೀತಮಾಲೆಯಿದೆ. ಹೆಸರಿಲ್ಲದ ಹೆಂಗಸು ಎಂದು ಅದರ ಅರ್ಥ. ಇಟಲಿಯ ಕವಿ ದಾಂತೆ ಹಾಡಿದ ಬೀಟ್ರೀಸ್, ಅಲ್ಲಿಯವನೇ ಆದ ಕವಿ ಪೆಟ್ರಾರ್ಕ್ ಹಾಡಿದ ಲಾರಾ ಇವರು ಶತಮಾನಗಳಿಂದ ಹೊಗಳಿಸಿಕೊಂಡಿದ್ದಾರೆ, ಒಂದು ಮಾತನ್ನೂ ಆಡಿಲ್ಲ. ಅಂಥವಳೊಬ್ಬಳು ತಾನೇ ಬಾಯಿಬಿಟ್ಟಿದ್ದರೆ ಏನು ಹೇಳುತ್ತಿದ್ದಳು ಎಂಬುದೇ ಈ ಮಾಲೆಯ ವಸ್ತು. ಸುನೀತಕ್ಕೆ 14 ಸಾಲು, ಈ ಮಾಲೆಗೆ 14 ಸುನೀತ. ಪ್ರತಿಯೊಂದರ ನೆತ್ತಿಯಲ್ಲೂ ದಾಂತೆ ಮತ್ತು ಪೆಟ್ರಾರ್ಕರ ಸಾಲುಗಳು. ಅವರ ಮಾತನ್ನು ಮೇಲೆ ಕೂರಿಸಿ, ಕೆಳಗೆ ಅವರ ನಾಯಕಿಯರಿಂದ ಉತ್ತರ ಕೊಡಿಸಿದ್ದಾರೆ. ಮುನ್ನುಡಿಯಲ್ಲಿ ಎಲಿಜಬೆತ್ ಬ್ಯಾರೆಟ್ ಬ್ರೌನಿಂಗರನ್ನು ಹೆಸರೆತ್ತದೆ ನೆನೆದು, ಆ ಮಹಾಕವಯಿತ್ರಿ ಸುಖಿಯಾಗಿರದೆ ದುಃಖಿಯಾಗಿದ್ದಿದ್ದರೆ ಇಂಥದ್ದನ್ನು ಬರೆಯುತ್ತಿದ್ದರೇನೋ ಎಂದಿದ್ದಾರೆ. ಮೆಚ್ಚುಗೆಯೊಳಗೇ ಒಂದು ಚಿವುಟು.

ಪ್ರಶ್ನೆ: ‘ಇನ್ ದಿ ಬ್ಲೀಕ್ ಮಿಡ್‌ವಿಂಟರ್’ ಎಂಬ ಕ್ರಿಸ್‌ಮಸ್ ಹಾಡು ಇವರದೇ?

ಉತ್ತರ: ಇವರದೇ. ‘ಎ ಕ್ರಿಸ್‌ಮಸ್ ಕ್ಯಾರಲ್’ ಎಂಬ ಹೆಸರಿನಲ್ಲಿ 1872ರ ಜನವರಿಯಲ್ಲಿ ಅಮೆರಿಕದ ‘ಸ್ಕ್ರಿಬ್ನರ್ಸ್ ಮಂಥ್ಲಿ’ಯಲ್ಲಿ ಬಂದ ಕವಿತೆ. 1906ರಲ್ಲಿ ಗುಸ್ತಾವ್ ಹೋಲ್ಸ್ಟ್ ಅದಕ್ಕೆ ರಾಗ ಕಟ್ಟಿದ ಮೇಲೆ ಊರೂರ ಚರ್ಚುಗಳಿಗೆ ಹರಡಿತು. ಹಾಡಾಗುವುದನ್ನು ಕೇಳಲು ಕವಯಿತ್ರಿ ಇರಲಿಲ್ಲ. ಎಳೆಯ ಮಕ್ಕಳಿಗಾಗಿ ಅವರು ಬರೆದ ‘ಸಿಂಗ್-ಸಾಂಗ್’ ಎಂಬ ಶಿಶುಗೀತೆಗಳ ಪುಸ್ತಕವೂ 1872ರದೇ.

ಪ್ರಶ್ನೆ: ಕೊನೆಯ ವರ್ಷಗಳಲ್ಲಿ ಅವರು ಕಾವ್ಯ ಬಿಟ್ಟು ಧರ್ಮಗ್ರಂಥಗಳನ್ನೇ ಬರೆದರೇ?

ಉತ್ತರ: ಬಿಡಲಿಲ್ಲ. 1874ರಿಂದ 1892ರ ನಡುವೆ ಆರು ಭಕ್ತಿಗದ್ಯದ ಪುಸ್ತಕಗಳನ್ನು ಬರೆದದ್ದು ನಿಜ, ಅವುಗಳ ನಡುನಡುವೆ ಕವಿತೆಗಳೂ ಇವೆ. ಅವನ್ನು ಆರಿಸಿ 1893ರಲ್ಲಿ ‘ವರ್ಸಸ್’ ಎಂಬ ಸಂಕಲನ ತಂದರು. 1871ರಲ್ಲಿ ಥೈರಾಯ್ಡ್ ಗ್ರಂಥಿಯ ಕಾಯಿಲೆ ಬಂದು ಕಣ್ಣುಗುಡ್ಡೆ ಮುಂದೆ ಬಂದವು, ಚರ್ಮದ ಬಣ್ಣ ಕಂದಿತು. ಅಲ್ಲಿಂದ ಜನರೆದುರು ಬರುವುದು ಕಡಿಮೆಯಾಯಿತು. ಅಕ್ಕ ಮರಿಯಾ ಆಂಗ್ಲಿಕನ್ ಸನ್ಯಾಸಿನಿಯರ ಸಂಘ ಸೇರಿ 1876ರಲ್ಲಿ ತೀರಿಕೊಂಡರು. ಆ ವರ್ಷದಿಂದ ಟಾರಿಂಗ್ಟನ್ ಸ್ಕ್ವೇರಿನ 30ನೆಯ ನಂಬರಿನ ಮನೆಯಲ್ಲಿ ತಾಯಿ ಮತ್ತು ಇಬ್ಬರು ವಯಸ್ಸಾದ ಚಿಕ್ಕಮ್ಮಂದಿರ ಆರೈಕೆ ಮಾಡುತ್ತ ಇದ್ದರು. ನನಗೆ ಯಾರೂ ಒಂದು ವ್ಯಾಲೆಂಟೈನ್ ಓಲೆ ಕಳಿಸಿದ್ದೇ ಇಲ್ಲ ಎಂದು ತಾಯಿ ಒಮ್ಮೆ ಅಂದದ್ದೇ ನೆವವಾಗಿ, 1876ರಿಂದ 1886ರಲ್ಲಿ ಆಕೆ ಕಣ್ಣು ಮುಚ್ಚುವವರೆಗೂ ಪ್ರತಿ ಫೆಬ್ರುವರಿಯಲ್ಲಿ ಮಗಳು ಒಂದು ಕವಿತೆ ಬರೆದುಕೊಟ್ಟರು. ಯಾರಿಗಾಗಿ ಬರೆದದ್ದೆಂಬ ಸಂದೇಹಕ್ಕೆ ಎಡೆಯಿಲ್ಲದ ಪ್ರೇಮಕವಿತೆಗಳು ಇವೇ.

ಅವರ ಧರ್ಮನಿಷ್ಠೆ ಕೆಲವೊಮ್ಮೆ ನಮಗೆ ನಗು ತರಿಸುತ್ತದೆ. ಗೆಲ್ಲಬೇಕೆಂಬ ಆಸೆ ತಮ್ಮಲ್ಲಿ ಅತಿಯಾಗುತ್ತಿದೆ ಎಂದು ಚದುರಂಗ ಆಡುವುದನ್ನೇ ನಿಲ್ಲಿಸಿದರು. ಸ್ವಿನ್‌ಬರ್ನ್ ಕವಿಯ ನಾಟಕವೊಂದನ್ನು ಬಹಳ ಮೆಚ್ಚಿದರೂ ಅದರಲ್ಲಿನ ದೈವನಿಂದೆಯ ಸಾಲುಗಳ ಮೇಲೆ ಕಾಗದದ ಪಟ್ಟಿ ಅಂಟಿಸಿಕೊಂಡು ಓದಿದರು. ಪುಸ್ತಕ ಎಸೆಯಲಿಲ್ಲ ಎಂಬುದನ್ನೂ ಗಮನಿಸಬೇಕು. ವರ್ಜೀನಿಯಾ ವುಲ್ಫ್ ತಮ್ಮ ಪ್ರಬಂಧದಲ್ಲಿ ಒಂದು ಪ್ರಸಂಗ ಹೇಳುತ್ತಾರೆ. ಚಹಾಕೂಟವೊಂದರಲ್ಲಿ ಮಾತುಕತೆ ನಡೆಯುತ್ತಿದ್ದಾಗ ಕಪ್ಪುಡುಗೆಯ ಕುಳ್ಳನೆಯ ಮಹಿಳೆಯೊಬ್ಬರು ಇದ್ದಕ್ಕಿದ್ದಂತೆ ಕುರ್ಚಿಯಿಂದೆದ್ದು ಕೋಣೆಯ ನಡುವೆ ಬಂದು ನಿಂತು, ‘ನಾನು ಕ್ರಿಸ್ಟಿನಾ ರೊಸೆಟ್ಟಿ’ ಎಂದು ಗಂಭೀರವಾಗಿ ಸಾರಿ, ಹಿಂತಿರುಗಿ ಹೋಗಿ ಕೂತರಂತೆ. 1892ರಲ್ಲಿ ಸ್ತನದ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆಯಾಯಿತು. 1894ರ ಡಿಸೆಂಬರ್ 29ರಂದು ತೀರಿಕೊಂಡರು. ಹೈಗೇಟ್ ಸ್ಮಶಾನದಲ್ಲಿ ಮನೆತನದ ಸಮಾಧಿಯಲ್ಲೇ ಅವರನ್ನು ಇಡಲಾಗಿದೆ. ಎಲಿಜಬೆತ್ ಸಿಡ್ಡಲ್ ಇರುವುದೂ ಅಲ್ಲಿಯೇ.

ಪ್ರಶ್ನೆ: ಒಂದೆರಡು ಕವಿತೆಗಳನ್ನು ಕನ್ನಡಕ್ಕೆ ತರಬೇಕೆಂದಿದ್ದೇನೆ. ಯಾವುದರಿಂದ ಶುರು ಮಾಡಲಿ?

ಉತ್ತರ: ಪದಗಳು ಸರಳವಾಗಿರುವುದರಿಂದ ಅನುವಾದವೂ ಸುಲಭ ಎಂದುಕೊಂಡರೆ ಕೈ ಸುಟ್ಟುಕೊಳ್ಳುತ್ತೀರಿ. ‘ರಿಮೆಂಬರ್’ ಸುನೀತದಲ್ಲಿ ‘ನೆನೆ’ ಎಂಬ ಮಾತು ಐದು ಸಲ ಬರುತ್ತದೆ, ‘ಮರೆ’ ಎಂಬುದು ಎರಡೇ ಸಲ. ಎಂಟು ಸಾಲಿನವರೆಗೆ ನೆನೆ ನೆನೆ ಎಂದು ಒತ್ತಾಯಿಸಿದವಳು ಒಂಬತ್ತನೆಯ ಸಾಲಿನಲ್ಲಿ ತಿರುಗಿ, ಒಂದಿಷ್ಟು ಹೊತ್ತು ಮರೆತರೂ ಕೊರಗಬೇಡ ಎನ್ನುತ್ತಾಳೆ. ನೆನೆದು ದುಃಖಿಸುವುದಕ್ಕಿಂತ ಮರೆತು ನಗುವುದೇ ಮೇಲು ಎಂದು ಮುಗಿಸುತ್ತಾಳೆ. ಕನ್ನಡದಲ್ಲಿ ನೆನಪು, ಸ್ಮರಣೆ, ಜ್ಞಾಪಕ ಎಂದು ಪದ ಬದಲಿಸುತ್ತ ಹೋದರೆ ಆ ಐದು-ಎರಡರ ತಕ್ಕಡಿ ಹಾಳಾಗುತ್ತದೆ. ‘ಸಾಂಗ್’ ಇನ್ನೂ ಕಷ್ಟ. ಅದರ ಕೊನೆಯ ಎರಡು ಸಾಲುಗಳಲ್ಲಿ ‘ಹ್ಯಾಪ್ಲಿ’ ಎಂಬ ಹಳೆಯ ಪದವಿದೆ. ‘ಬಹುಶಃ’ ಎಂದು ಅದರ ಅರ್ಥ, ಆದರೆ ಕಿವಿಗೆ ‘ಹ್ಯಾಪಿ’ಯೂ ತಾಗುತ್ತದೆ. ಬಹುಶಃ ನೆನೆದೇನು, ಬಹುಶಃ ಮರೆತೇನು ಎಂದು ಬರೆದರೆ ಅರ್ಥ ಉಳಿದು ಆ ತೆಳುನಗೆ ಹಾರಿಹೋಗುತ್ತದೆ. ನನಗೂ ಇದಕ್ಕೆ ಪರಿಹಾರ ಸಿಕ್ಕಿಲ್ಲ.

ಆದ್ದರಿಂದ ‘ಅಪ್-ಹಿಲ್’ನಿಂದ ಶುರು ಮಾಡಿ. ಬರೆದದ್ದು 1858ರ ಜೂನ್ 29ರಂದು, ಅಚ್ಚಾದದ್ದು 1861ರ ಫೆಬ್ರುವರಿಯ ‘ಮ್ಯಾಕ್‌ಮಿಲನ್ಸ್ ಮ್ಯಾಗಜೀನ್’ನಲ್ಲಿ. ನಮ್ಮ ಅಂಕಣದಂತೆ ಅದೂ ಪ್ರಶ್ನೋತ್ತರವೇ. ಹದಿನಾರು ಸಾಲು, ಎಂಟು ಪ್ರಶ್ನೆ, ಎಂಟು ಉತ್ತರ. ದಾರಿ ಉದ್ದಕ್ಕೂ ಏರೇನಾ? ಹೌದು, ಕೊನೆಯವರೆಗೂ. ಇಡೀ ಹಗಲು ನಡೆಯಬೇಕಾ? ಬೆಳಗಿನಿಂದ ರಾತ್ರಿಯವರೆಗೆ, ಗೆಳೆಯ. ತಂಗಲು ಛತ್ರವಿದೆಯಾ, ಕತ್ತಲಲ್ಲಿ ಕಾಣದೆ ಹೋದೀತಾ ಎಂದು ದಾರಿಹೋಕ ಕೇಳುತ್ತಲೇ ಹೋಗುತ್ತಾನೆ. ಕೇಳುವವನ ಸಾಲುಗಳು ಉದ್ದ, ಹೇಳುವವರ ಸಾಲುಗಳು ಹಲವೆಡೆ ಗಿಡ್ಡ. ಆ ಅಳತೆಯನ್ನು ಕನ್ನಡದಲ್ಲೂ ಕಾಪಾಡಿಕೊಳ್ಳಿ. ಉತ್ತರ ಕೊಡುವವರು ಯಾರೆಂದು ಕವಿತೆ ಹೇಳುವುದಿಲ್ಲ, ನೀವೂ ಹೇಳಬೇಡಿ. ಮುಖ್ಯವಾಗಿ ಏಳನೆಯ ಪ್ರಶ್ನೆಯ ಹತ್ತಿರ ಎಚ್ಚರ ಬೇಕು. ನಡೆದು ನೊಂದು ಸೋತು ಬಂದವನಿಗೆ ನೆಮ್ಮದಿ ಸಿಕ್ಕೀತೇ ಎಂದು ಕೇಳಿದರೆ, ಪಟ್ಟ ಶ್ರಮದ ಮೊತ್ತ ಸಿಗುತ್ತದೆ ಎಂಬ ಉತ್ತರ ಬರುತ್ತದೆ. ಅದು ಹೌದೂ ಅಲ್ಲ, ಇಲ್ಲವೂ ಅಲ್ಲ. ದಾರಿಹೋಕನ ಮೇಲಿನ ಕನಿಕರದಿಂದ ಅಲ್ಲಿ ‘ಖಂಡಿತ ಸಿಗುತ್ತದೆ’ ಎಂದು ಬರೆದುಬಿಡುವ ಆಸೆಯಾಗುತ್ತದೆ. ಇಪ್ಪತ್ತೇಳರ ಹರೆಯದ ಕವಯಿತ್ರಿ ಹಾಗೆ ಬರೆಯಲಿಲ್ಲ.